ಮಸುಕಾದ ಒಂದು ಅಂಕಿ: ಶಾಸನದ ಫೋಟೊ ತೆಗೆಯುವಾಗ

ಹಾಸನ ಕಡೆಯ ಒಂದು ಊರಿನಲ್ಲಿ ಹೊಯ್ಸಳರ ಕಾಲದ ವೀರಗಲ್ಲಿನ ಫೋಟೊ ತೆಗೆದಿದ್ದೆ. ಮನೆಗೆ ಬಂದು ಹಿಗ್ಗಿಸಿ ನೋಡಿದರೆ ಶಕವರ್ಷ ೧೧, ಆಮೇಲೆ ಒಂದು ಮಸುಕು, ಆಮೇಲೆ ೪. ನಡುವಿನದು ೨ ಇರಬಹುದಾ, ೩ ಇರಬಹುದಾ ಅಂತ ಹೇಳೋಕೇ ಆಗಲಿಲ್ಲ. ಶಕ 1124 ಆದರೆ ಕ್ರಿ.ಶ. 1202, 1134 ಆದರೆ 1212. ಎರಡೂ ಇಮ್ಮಡಿ ಬಲ್ಲಾಳನ ಆಳ್ವಿಕೆಯೊಳಗೇ ಬರುವುದರಿಂದ ಅರಸನ ಹೆಸರಿನಿಂದ ತೀರ್ಮಾನವಾಗದು. ಸಂವತ್ಸರ ದುಂದುಭಿ ಅಂತಿದ್ದರೆ ಮೊದಲನೆಯದು, ಆಂಗೀರಸ ಅಂತಿದ್ದರೆ ಎರಡನೆಯದು. ಆದರೆ ಆ ಜಾಗದಲ್ಲಿ ಕಲ್ಲೇ ಚಕ್ಕೆ ಎದ್ದಿತ್ತು. ಇನ್ನೊಮ್ಮೆ ಹೋಗಿ ತೆಗೆದರಾಯ್ತು ಅಂದುಕೊಂಡೆ. ಎಂಟು ತಿಂಗಳ ಮೇಲೆ ಹೋದಾಗ ಗುಡಿಯ ಜೀರ್ಣೋದ್ಧಾರ ಮುಗಿದಿತ್ತು. ಕಲ್ಲು ಬೋರಲಾಗಿ ಹೊಸ ಜಗಲಿಯ ಕಾಂಕ್ರೀಟಿನಡಿ ಸೇರಿತ್ತು.

ತಪ್ಪು ನನ್ನದೇ. ಮರದ ನೆರಳು, ಕೈಯಲ್ಲೇ ಹಿಡಿದ ಕ್ಯಾಮೆರಾ, ಶಟರ್ ವೇಗ ಸೆಕೆಂಡಿನ 1/15. ಕೈ ನಡುಗಿದ್ದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಾಣಲೇ ಇಲ್ಲ.

ಹೊಸ ಕ್ಯಾಮೆರಾಗಿಂತ ಮೊದಲು ಒಂದು ಗಟ್ಟಿ ಟ್ರೈಪಾಡ್ ಕೊಳ್ಳಿ ಅಂತ ಅದಕ್ಕೇ ಹೇಳುತ್ತೇನೆ. ಕಲ್ಲು ಎಲ್ಲಿಗೂ ಓಡಿಹೋಗೋಲ್ಲ, ಶಟರ್ ಅರ್ಧ ಸೆಕೆಂಡು ತೆರೆದಿದ್ದರೂ ಚಿಂತೆಯಿಲ್ಲ. ಐಎಸ್‌ಒ 100, ಅಪರ್ಚರ್ ಎಫ್/8, ಎರಡು ಸೆಕೆಂಡಿನ ಟೈಮರ್. ಎಫ್/16 ದಾಟಿದರೆ ಬೆಳಕಿನ ವಿವರ್ತನೆಯಿಂದ ಚಿತ್ರ ಮತ್ತೆ ಮೆತ್ತಗಾಗುತ್ತೆ. ಲೆನ್ಸ್ ಕಲ್ಲಿನ ಮುಖಕ್ಕೆ ನೇರವಾಗಿರಲಿ. ಕಲ್ಲು ವಾಲಿದ್ದರೆ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ, ಇಲ್ಲದಿದ್ದರೆ ಮೇಲಿನ ಸಾಲು ಸ್ಪಷ್ಟವಾಗಿದ್ದು ಕೆಳಗಿನದು ಮಸುಕಾಗುತ್ತೆ.

ಇಡೀ ಕಲ್ಲಿನ ಒಂದು ಚಿತ್ರ ತೆಗೆದು ಸುಮ್ಮನಾಗಬೇಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಉದ್ದಕ್ಕೆ 6000 ಪಿಕ್ಸೆಲ್. ಎರಡು ಮೀಟರ್ ಕಲ್ಲು ಅದರಲ್ಲಿ ತುಂಬಿದರೆ ಮಿಲಿಮೀಟರಿಗೆ ಸಿಗೋದು ಮೂರೇ ಪಿಕ್ಸೆಲ್. 60 ಸೆಂಟಿಮೀಟರ್ ಭಾಗ ತುಂಬಿಸಿದರೆ ಹತ್ತು. ಸವೆದ ಅಕ್ಷರಕ್ಕೆ ಆ ಹತ್ತು ಬೇಕು. ಮೂರರಲ್ಲೊಂದು ಭಾಗ ಒಂದರ ಮೇಲೊಂದು ಬರುವಂತೆ ತುಂಡುತುಂಡಾಗಿ ತೆಗೆಯಿರಿ. ನನ್ನ ಬಳಿಯಿರೋದು ಸಾಮಾನ್ಯ 50 ಮಿ.ಮೀ. ಲೆನ್ಸ್, ಸಾಕಾಗಿದೆ. ಮೊಬೈಲಾದರೆ ಮೊದಲು ಲೆನ್ಸ್ ಒರೆಸಿ, ಡಿಜಿಟಲ್ ಜೂಮ್ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಬೆಳಕು ಎದುರಿನಿಂದ ಬಿದ್ದರೆ ಅಕ್ಷರ ಕಾಣೋಲ್ಲ. ನಾವು ಓದೋದು ಗೆರೆಯನ್ನಲ್ಲ, ಗೆರೆಯೊಳಗಿನ ನೆರಳನ್ನು. ಬೆಳಕು ಕಲ್ಲಿನ ಮೈ ಸವರಿಕೊಂಡು ಪಕ್ಕದಿಂದ ಬರಬೇಕು. ನಡುಮಧ್ಯಾಹ್ನ ಹೋದರೆ ಕೊಡೆಯಿಂದ ನೆರಳು ಮಾಡಿ, ಟಾರ್ಚನ್ನು ಪಕ್ಕದಲ್ಲಿ ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಇಲ್ಲೊಂದು ಸೂಕ್ಷ್ಮವಿದೆ. ಬೆಳಕು ಬರುವ ದಿಕ್ಕಿಗೇ ಕೊರೆದ ಗೆರೆಯಲ್ಲಿ ನೆರಳು ಬೀಳದು. ಎಡದಿಂದ ಬೆಳಕು ಬಿಟ್ಟರೆ ಅಡ್ಡಗೆರೆಗಳು, ಅಂದರೆ ತಲೆಕಟ್ಟುಗಳು, ಮಾಯ. ಪ ಮತ್ತು ವ ಗೊಂದಲವಾಗೋ ಲಿಪಿಯಲ್ಲಿ ಅದು ಸಣ್ಣ ವಿಷಯವಲ್ಲ. ಆದ್ದರಿಂದ ಕ್ಯಾಮೆರಾ ಅಲುಗಿಸದೆ ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಟಾರ್ಚ್ ಹಿಡಿದು ನಾಲ್ಕು ಚಿತ್ರ ತೆಗೆಯಿರಿ.

ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಎಣ್ಣೆ ಹಚ್ಚೋದು ಬೇಡ. ಸುಣ್ಣ ತುಂಬುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಬರುವವರೂ ಅದನ್ನೇ ಓದುತ್ತಾರೆ. ನೀರು, ಮೆತ್ತನೆಯ ಬ್ರಷ್ ಸಾಕು.

ಹೊರಡುವ ಮುಂಚೆ, ಅಲ್ಲೇ ನಿಂತು, ಕಾಲ ಹೇಳುವ ಸಾಲನ್ನು ಪೂರ್ತಿ ಹಿಗ್ಗಿಸಿ ಒಂದೊಂದೇ ಅಂಕಿ ಓದಿ. ಓದಲಾಗದಿದ್ದರೆ ಟ್ರೈಪಾಡ್ ಮಡಚಬೇಡಿ.