28 ಸೋಲುಗಳ ತಂಡ: ಯಾರನ್ನು ಆಡಿಸಬೇಕು, ಯಾರನ್ನು ಮಾರಬೇಕು?

ಆರ್‌ಸಿಬಿ ಸೋತ ಮರುದಿನ ನಮ್ಮೂರಿನ ಚಹಾದಂಗಡಿಗಳಲ್ಲಿ ಎಷ್ಟು ಮಂದಿ ಕೋಚ್‌ಗಳು ಹುಟ್ಟಿಕೊಳ್ಳುತ್ತಾರೆ ಎಂಬುದು ನಿಮಗೆಲ್ಲ ಗೊತ್ತಿದೆ. ಒಬ್ಬರ ಪ್ರಕಾರ ಬೌಲಿಂಗ್ ಸರಿಯಿಲ್ಲ, ಇನ್ನೊಬ್ಬರ ಪ್ರಕಾರ ಹರಾಜಿನಲ್ಲೇ ಎಡವಟ್ಟಾಗಿದೆ, ಮತ್ತೊಬ್ಬರಿಗೆ ಇರುವವರನ್ನೆಲ್ಲ ಬಿಟ್ಟು ಹೊಸ ತಂಡವನ್ನೇ ಕಟ್ಟಬೇಕು. ಇಂಥದೇ ಜಗಳ 2023ರ ಚಳಿಗಾಲದಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಬಾಸ್ಕೆಟ್‌ಬಾಲ್ ತಂಡವೊಂದರ ಬಗ್ಗೆ ನಡೆಯಿತು. ನಾನಾಗ ಹತ್ತನೇ ತರಗತಿಯಲ್ಲಿದ್ದೆ. ಡೆಟ್ರಾಯ್ಟ್‌ನಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಐದೂವರೆಗೆ. ಸುಬ್ಹ್ ನಮಾಝ್ ಮುಗಿಸಿ ಬಂದು ಮೊಬೈಲ್‌ನಲ್ಲಿ ಸ್ಕೋರ್ ನೋಡುವುದು, ಇವತ್ತಿಗೆ ಎಷ್ಟನೇ ಸೋಲು ಎಂದು ಎಣಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಜಗಳದಲ್ಲಿ ಯಾರು ಏನು ಹೇಳುತ್ತಿದ್ದರು, ಯಾರ ಮಾತಿಗೆ ತೂಕವಿತ್ತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಬಾಸ್ಕೆಟ್‌ಬಾಲ್ ಗೊತ್ತಿಲ್ಲದವರೂ ಓದಬಹುದು. ನಿಯಮಗಳನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ಡೆಟ್ರಾಯ್ಟ್ ಪಿಸ್ಟನ್ಸ್ ಹೆಸರಿಲ್ಲದ ತಂಡವೇನೂ ಅಲ್ಲ. 1989, 1990 ಮತ್ತು 2004ರಲ್ಲಿ ಎನ್‌ಬಿಎ ಚಾಂಪಿಯನ್ ಆಗಿತ್ತು. ಆದರೆ 2023-24ರ ಋತುವಿನಲ್ಲಿ ಮೊದಲ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದ ಈ ತಂಡ ಆಮೇಲೆ ಸತತವಾಗಿ 28 ಪಂದ್ಯಗಳನ್ನು ಸೋತಿತು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಒಂದೇ ಒಂದು ಗೆಲುವಿಲ್ಲ! ಒಂದೇ ಋತುವಿನಲ್ಲಿ ಇಷ್ಟು ಸತತ ಸೋಲು ಎನ್‌ಬಿಎ ಇತಿಹಾಸದಲ್ಲೇ ಇರಲಿಲ್ಲ. ಹಿಂದಿನ ದಾಖಲೆ 26. ಡಿಸೆಂಬರ್ 26ರಂದು ಬ್ರೂಕ್ಲಿನ್ ವಿರುದ್ಧ ಯುವ ನಾಯಕ ಕೇಡ್ ಕನ್ನಿಂಗ್‌ಹ್ಯಾಮ್ ಒಬ್ಬರೇ 41 ಅಂಕ ಗಳಿಸಿದರು. ಆದರೂ ತಂಡ 112-118ರಿಂದ ಸೋತಿತು. ಎರಡು ದಿನ ಬಿಟ್ಟು ಬಾಸ್ಟನ್ ವಿರುದ್ಧ ಇಪ್ಪತ್ತರ ಆಸುಪಾಸಿನ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ ಕೈಚೆಲ್ಲಿತು. ತವರು ಅಂಕಣದಲ್ಲಿ ಕುಳಿತ ಪ್ರೇಕ್ಷಕರು ‘ತಂಡವನ್ನು ಮಾರಿಬಿಡಿ’ ಎಂದು ಮಾಲೀಕ ಟಾಮ್ ಗೋರ್ಸ್ ಅವರನ್ನು ಉದ್ದೇಶಿಸಿ ಒಕ್ಕೊರಲಿನಿಂದ ಕೂಗುತ್ತಿದ್ದರು.

ಮಾಲೀಕರನ್ನು ಬದಲಿಸುವುದು ಪ್ರೇಕ್ಷಕರ ಕೈಯಲ್ಲಿಲ್ಲ. ಹಾಗಾಗಿ ವಾದವೆಲ್ಲ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತಿತ್ತು. ಇರುವವರಲ್ಲಿ ಯಾವ ಐವರನ್ನು ಆಡಿಸಬೇಕು? ಯಾರನ್ನು ಕೊಟ್ಟು ಯಾರನ್ನು ತರಬೇಕು?

ಮೊದಲ ಪ್ರಶ್ನೆಯನ್ನೇ ನೋಡೋಣ. ಹೊಸ ಕೋಚ್ ಮಾಂಟಿ ವಿಲಿಯಮ್ಸ್ ಅವರೊಂದಿಗೆ ತಂಡ ಆರು ವರ್ಷಕ್ಕೆ 7.85 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತ್ತು. ಅಷ್ಟು ದೊಡ್ಡ ಮೊತ್ತ ಅದುವರೆಗೆ ಎನ್‌ಬಿಎಯ ಯಾವ ಕೋಚ್‌ಗೂ ಸಿಕ್ಕಿರಲಿಲ್ಲ. ಋತುವಿನ ಆರಂಭದಲ್ಲಿ ಅವರು ಜೇಡನ್ ಐವಿಯನ್ನು ಬೆಂಚಿನಲ್ಲಿ ಕೂರಿಸಿ ಕಿಲಿಯನ್ ಹೇಯ್ಸ್ ಅವರನ್ನು ಆರಂಭದ ಐವರಲ್ಲಿ ಇಳಿಸಿದರು. ಐವಿ 2022ರ ಡ್ರಾಫ್ಟ್‌ನಲ್ಲಿ ಐದನೆಯವರಾಗಿ ಆಯ್ಕೆಯಾದ, ಚಿರತೆಯಂತೆ ಓಡುವ ಆಟಗಾರ. ಹೇಯ್ಸ್ 2020ರಲ್ಲಿ ಏಳನೆಯವರಾಗಿ ಬಂದವರು. ರಕ್ಷಣೆಯಲ್ಲಿ ಗಟ್ಟಿ, ಆದರೆ ಚೆಂಡನ್ನು ಬುಟ್ಟಿಗೆ ಹಾಕುವುದೇ ಕಷ್ಟ. (ಅದೇ ಡ್ರಾಫ್ಟ್‌ನಲ್ಲಿ ಹನ್ನೆರಡನೆಯವರಾಗಿ ಹೋದವರು ಟೈರೀಸ್ ಹ್ಯಾಲಿಬರ್ಟನ್, ಮುಂದೆ 2025ರಲ್ಲಿ ಇಂಡಿಯಾನಾ ತಂಡವನ್ನು ಫೈನಲ್‌ಗೆ ಒಯ್ದವರು. ಡೆಟ್ರಾಯ್ಟ್ ಅಭಿಮಾನಿಗಳ ಮುಂದೆ ಈ ಹೆಸರು ತೆಗೆಯಬಾರದು.) ಐವಿ ಏಕೆ ಬೆಂಚಿನಲ್ಲಿ ಎಂಬುದು ಅಭಿಮಾನಿಗಳ ನಿತ್ಯದ ಸಿಟ್ಟು. ಇನ್ನೊಂದು ಸಿಟ್ಟು, ಆರಂಭದ ಆಟಗಾರರನ್ನೆಲ್ಲ ಒಟ್ಟಿಗೆ ಹೊರಗೆ ಕರೆದು ಬೆಂಚಿನ ಐವರನ್ನೇ ಇಳಿಸುವ ಕೋಚ್‌ನ ಅಭ್ಯಾಸದ ಮೇಲೆ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ವಿವರಿಸಬೇಕು, ಏಕೆಂದರೆ ಇಡೀ ಜಗಳದ ಬೇರು ಇಲ್ಲಿದೆ. ಕ್ರಿಕೆಟ್‌ನಲ್ಲಿ ಹನ್ನೊಂದನೇ ಬ್ಯಾಟರ್ ಸೊನ್ನೆಗೆ ಔಟಾದರೆ ಅದರಿಂದ ಆರಂಭಿಕನ ಶತಕ ಕಡಿಮೆಯಾಗುವುದಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಹಾಗಲ್ಲ. ಅಂಕಣದಲ್ಲಿರುವ ಐವರಲ್ಲಿ ಇಬ್ಬರಿಗೆ ದೂರದಿಂದ ಗುರಿಯಿಟ್ಟು ಎಸೆಯಲು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಅವರನ್ನು ಕಾಯಬೇಕಾದ ಎದುರಾಳಿಗಳು ಅವರನ್ನು ಬಿಟ್ಟು ಬುಟ್ಟಿಯ ಕೆಳಗೆ ಬಂದು ನಿಲ್ಲುತ್ತಾರೆ. ಆಗ ಕನ್ನಿಂಗ್‌ಹ್ಯಾಮ್ ಎಷ್ಟೇ ಚೆನ್ನಾಗಿ ಡ್ರಿಬಲ್ ಮಾಡಿ ಒಳನುಗ್ಗಿದರೂ ಒಬ್ಬರ ಬದಲು ಮೂವರು ಅಡ್ಡ ಸಿಗುತ್ತಾರೆ. ಅಂದರೆ ಒಬ್ಬರ ಕೊರತೆ ಇನ್ನೊಬ್ಬರ ಸಾಮರ್ಥ್ಯವನ್ನು ತಿಂದುಹಾಕುತ್ತದೆ. ಪಿಸ್ಟನ್ಸ್‌ನಲ್ಲಿ ಹೇಯ್ಸ್ ಜೊತೆಗೆ ಹೊಸ ಹುಡುಗ ಆಸಾರ್ ಥಾಂಪ್ಸನ್ ಇದ್ದರು. ರಕ್ಷಣೆಯಲ್ಲಿ ಅದ್ಭುತ, ಆದರೆ ಆ ವರ್ಷ ಮೂರು ಅಂಕದ ಎಸೆತಗಳಲ್ಲಿ ಅವರ ಯಶಸ್ಸು ಶೇ. 20ಕ್ಕಿಂತ ಕಡಿಮೆ. ಲೀಗ್‌ನ ಸರಾಸರಿ ಶೇ. 36ರ ಆಸುಪಾಸು. ಬುಟ್ಟಿಯ ಬಳಿಯಲ್ಲೇ ಆಡುವ ಸೆಂಟರ್ ಜೇಲನ್ ಡ್ಯುರೆನ್ ಬೇರೆ. ಜಾಗವೆಲ್ಲಿ?

ಹಾಗಾಗಿ ‘ಹುಡುಗರಲ್ಲಿ ಸತ್ವವೇ ಇಲ್ಲ’ ಎನ್ನುವವರಿಗೂ ‘ಹುಡುಗರು ಸರಿಯಿದ್ದಾರೆ, ಜೋಡಣೆ ಸರಿಯಿಲ್ಲ’ ಎನ್ನುವವರಿಗೂ ದೊಡ್ಡ ವ್ಯತ್ಯಾಸವಿತ್ತು. ಮೊದಲನೆಯವರ ಮಾತು ಕೇಳಿದರೆ ಎಲ್ಲವನ್ನೂ ಮಾರಬೇಕು. ಎರಡನೆಯವರ ಮಾತು ಕೇಳಿದರೆ ಎಸೆತಗಾರರನ್ನು ತಂದು ಕಾಯಬೇಕು. ಸೋಲಿನ ಪಟ್ಟಿ ಮಾತ್ರ ನೋಡಿದರೆ ಈ ಎರಡರಲ್ಲಿ ಯಾವುದು ನಿಜ ಎಂದು ತಿಳಿಯುವುದೇ ಇಲ್ಲ, ಏಕೆಂದರೆ ಎರಡೂ ಸ್ಥಿತಿಯಲ್ಲಿ ತಂಡ ಸೋಲುತ್ತದೆ.

ಇನ್ನು ಟ್ರೇಡ್. ಐಪಿಎಲ್‌ನಲ್ಲೂ ಈ ಪದ ಕೇಳಿದ್ದೀರಿ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಬಂದದ್ದು ಹಾಗೆಯೇ. ಎನ್‌ಬಿಎಯಲ್ಲಿ ಇದು ಋತುವಿನ ಮಧ್ಯದಲ್ಲೇ ನಡೆಯುತ್ತದೆ, ಫೆಬ್ರವರಿಯಲ್ಲಿ ಗಡುವು. ಕೆಲವೇ ಕೆಲವರನ್ನು ಬಿಟ್ಟರೆ ಆಟಗಾರರ ಒಪ್ಪಿಗೆಯನ್ನೂ ಕೇಳುವುದಿಲ್ಲ. ನಿನ್ನೆ ಒಂದು ಊರು, ನಾಳೆ ಇನ್ನೊಂದು ಊರು. ನನಗೆ ಇದು ಸ್ವಲ್ಪ ಕ್ರೂರವೆನಿಸುತ್ತದೆ, ಕೋಟಿಗಟ್ಟಲೆ ಸಂಬಳವಿದ್ದರೂ. ಬದಲಿಯಾಗಿ ಆಟಗಾರರನ್ನೂ ಕೊಡಬಹುದು, ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ ಹೊಸಬರನ್ನು ಆರಿಸುವ ಹಕ್ಕನ್ನೂ ಕೊಡಬಹುದು. ಮೊದಲ ಸುತ್ತಿನ ಹಕ್ಕು ಬಂಗಾರ; ಎರಡನೇ ಸುತ್ತಿನದು ಚಿಲ್ಲರೆ. ಸಂಬಳದ ಮಿತಿ ದಾಟಿದ ತಂಡಗಳು ಕೊಡುವ ಸಂಬಳಕ್ಕೂ ಪಡೆಯುವ ಸಂಬಳಕ್ಕೂ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಬೇಕು.

ಪಿಸ್ಟನ್ಸ್‌ನಲ್ಲಿ ಬೇರೆ ತಂಡಗಳ ಕಣ್ಣಿದ್ದದ್ದು ಬೊಯಾನ್ ಬೊಗ್ಡಾನೊವಿಚ್ ಮೇಲೆ. ಪಂದ್ಯಕ್ಕೆ ಸರಾಸರಿ 20 ಅಂಕ ಗಳಿಸುವ, ದೂರದಿಂದ ಎಸೆಯಬಲ್ಲ ಹಿರಿಯ. 2023ರ ಫೆಬ್ರವರಿಯಲ್ಲೇ ಅವರಿಗೆ ಬೇಡಿಕೆ ಇತ್ತು. ಜನರಲ್ ಮ್ಯಾನೇಜರ್ ಟ್ರಾಯ್ ವೀವರ್ ಕೊಡಲಿಲ್ಲ. ಯುವಕರ ನಡುವೆ ಒಬ್ಬ ಅನುಭವಿ ಎಸೆತಗಾರ ಇರಲಿ ಎಂಬ ವಾದ ತಪ್ಪೇನಲ್ಲ. ಆದರೆ ನಾವು ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂದು ಓದುತ್ತೇವಲ್ಲ, ಅದು ಇದೇ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ಆ ಋತುವಿನಲ್ಲಿ ತಂಡ ಗೆದ್ದದ್ದೇ 17 ಪಂದ್ಯ. ಮೂವತ್ತು ದಾಟಿದ ಆಟಗಾರನ ಬೆಲೆ ಮಾರುಕಟ್ಟೆಯಲ್ಲಿ ಮೀನಿನ ಬೆಲೆಯಂತೆ, ಹೊತ್ತು ಏರಿದಂತೆ ಇಳಿಯುತ್ತದೆ. ಮರುವರ್ಷ ಅವರು ಗಾಯದಿಂದ ಮೊದಲ ಪಂದ್ಯಗಳನ್ನು ಆಡಲಿಲ್ಲ. ಕೊನೆಗೆ 2024ರ ಫೆಬ್ರವರಿ 8ರಂದು ಬೊಗ್ಡಾನೊವಿಚ್ ಮತ್ತು ಆಲೆಕ್ ಬರ್ಕ್ಸ್ ಇಬ್ಬರನ್ನೂ ನ್ಯೂಯಾರ್ಕ್‌ಗೆ ಕೊಟ್ಟಾಗ ಸಿಕ್ಕಿದ್ದು ಕ್ವೆಂಟಿನ್ ಗ್ರೈಮ್ಸ್ ಎಂಬ ಯುವಕ, ಇನ್ನೂ ಮೂವರು ಆಟಗಾರರು, ಎರಡನೇ ಸುತ್ತಿನ ಎರಡು ಹಕ್ಕು. ಮೊದಲ ಸುತ್ತಿನದು ಒಂದೂ ಇಲ್ಲ.

ಆ ಮೂವರಲ್ಲಿ ಒಬ್ಬರು ಎವಾನ್ ಫೋರ್ನಿಯೇ. ನ್ಯೂಯಾರ್ಕ್‌ನಲ್ಲಿ ಆಡಲು ಅವಕಾಶವೇ ಸಿಗದೆ ಕುಳಿತಿದ್ದ ಇವರನ್ನು ಏಕೆ ತಂದರು ಎಂದು ಬಹಳ ಮಂದಿ ಬೈದರು. ಉತ್ತರ ಸರಳ: ಬೊಗ್ಡಾನೊವಿಚ್ ಸಂಬಳ ಸುಮಾರು 2 ಕೋಟಿ ಡಾಲರ್, ಫೋರ್ನಿಯೇ ಸಂಬಳ ಸುಮಾರು 1.9 ಕೋಟಿ. ಅವರು ಬಂದದ್ದು ತಕ್ಕಡಿ ಸರಿಹೊಂದಿಸಲು. ಅದೇ ದಿನ ಹೇಯ್ಸ್ ಅವರನ್ನೂ ತಂಡ ಕೈಬಿಟ್ಟಿತು.

‘ಸೋಲಲಿ ಬಿಡಿ, ಡ್ರಾಫ್ಟ್‌ನಲ್ಲಿ ಒಳ್ಳೆಯವರು ಸಿಗುತ್ತಾರೆ’ ಎನ್ನುವ ಇನ್ನೊಂದು ಗುಂಪೂ ಇತ್ತು. ಆದರೆ ಎನ್‌ಬಿಎಯಲ್ಲಿ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಖಾತ್ರಿಯಿಲ್ಲ, ಲಾಟರಿ ಎತ್ತುತ್ತಾರೆ. 2019ರಿಂದ ಕಡೆಯ ಮೂರೂ ತಂಡಗಳಿಗೆ ಸಮನಾಗಿ ಶೇ. 14 ಅವಕಾಶ ಮಾತ್ರ. ಪಿಸ್ಟನ್ಸ್ 2023ರಲ್ಲಿ ಕೊನೆಯ ಸ್ಥಾನ, ಸಿಕ್ಕಿದ್ದು ಐದನೇ ಆಯ್ಕೆ. ಆ ವರ್ಷದ ಮೊದಲ ಆಯ್ಕೆಯಾದ ವಿಕ್ಟರ್ ವೆಂಬನ್ಯಾಮ ಸ್ಯಾನ್ ಆಂಟೋನಿಯೊ ಪಾಲಾದರು. 2024ರಲ್ಲಿ 14 ಗೆಲುವು, 68 ಸೋಲಿನೊಂದಿಗೆ ಮತ್ತೆ ಕೊನೆಯ ಸ್ಥಾನ, ಮತ್ತೆ ಐದನೇ ಆಯ್ಕೆ. ಸೋತು ಸೋತು ಶ್ರೀಮಂತರಾಗುವ ಲೆಕ್ಕ ಕಾಗದದ ಮೇಲೆ ಮಾತ್ರ ಚಂದ.

2024ರ ಬೇಸಿಗೆಯಲ್ಲಿ ವೀವರ್ ಹೋದರು. ಟ್ರೇಜನ್ ಲ್ಯಾಂಗ್ಡನ್ ಹೊಸ ಮುಖ್ಯಸ್ಥರಾಗಿ ಬಂದರು. ಒಪ್ಪಂದದಲ್ಲಿ ಐದು ವರ್ಷ ಬಾಕಿಯಿದ್ದರೂ ವಿಲಿಯಮ್ಸ್ ಅವರನ್ನು ಕಳುಹಿಸಿ ಜೆ.ಬಿ. ಬಿಕರ್‌ಸ್ಟಾಫ್ ಅವರನ್ನು ಕೋಚ್ ಮಾಡಿದರು. ನಾನು ಗಮನಿಸಿದ್ದು ಏನನ್ನು ಬದಲಿಸಲಿಲ್ಲ ಎಂಬುದನ್ನು. ಕನ್ನಿಂಗ್‌ಹ್ಯಾಮ್, ಐವಿ, ಡ್ಯುರೆನ್, ಥಾಂಪ್ಸನ್, ಸ್ಟೀವರ್ಟ್ ಎಲ್ಲರೂ ಉಳಿದರು. ಅವರ ಸುತ್ತ ಟೊಬಾಯಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿ ಎಂಬ ಅನುಭವಿಗಳನ್ನು ತಂದರು. ವರ್ಷಕ್ಕೆ 60 ಲಕ್ಷ ಡಾಲರ್‌ಗೆ, ಎನ್‌ಬಿಎ ಲೆಕ್ಕದಲ್ಲಿ ಅಗ್ಗಕ್ಕೆ, ಬಂದ ಬೀಸ್ಲಿ ಆ ಋತುವಿನಲ್ಲಿ 319 ಬಾರಿ ಮೂರು ಅಂಕದ ಎಸೆತವನ್ನು ಬುಟ್ಟಿಗೆ ಹಾಕಿದರು. ಕನ್ನಿಂಗ್‌ಹ್ಯಾಮ್‌ಗೆ ಒಳನುಗ್ಗಲು ದಾರಿ ತೆರೆಯಿತು. 14 ಗೆಲುವಿನ ತಂಡ 2024-25ರಲ್ಲಿ 44 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಅಲ್ಲಿ ನ್ಯೂಯಾರ್ಕ್ ಎದುರು 2-4ರಿಂದ ಸೋತಿತು, ಆದರೆ 2008ರ ನಂತರ ಪ್ಲೇಆಫ್‌ನಲ್ಲಿ ಒಂದೂ ಗೆಲುವು ಕಾಣದಿದ್ದ ತಂಡಕ್ಕೆ ಎರಡು ಗೆಲುವು ಸಿಕ್ಕಿತು. ಕೋಚ್ ಬದಲಾದದ್ದೂ, ಹುಡುಗರಿಗೆ ಒಂದು ವರ್ಷ ವಯಸ್ಸಾದದ್ದೂ ಇದರಲ್ಲಿ ಸೇರಿದೆ ನಿಜ. ಆದರೂ ‘ಜೋಡಣೆ ಸರಿಯಿಲ್ಲ’ ಎಂದವರ ಮಾತೇ ಹೆಚ್ಚು ನಿಂತಿತು ಎಂಬುದು ನನ್ನ ಅಭಿಪ್ರಾಯ. 28 ಸೋಲಿನ ಸಿಟ್ಟಿನಲ್ಲಿ ಎಲ್ಲರನ್ನೂ ಮಾರಿದ್ದರೆ ಈ ಐವರಲ್ಲಿ ಕೆಲವರು ಇಂದು ಬೇರೆ ಊರಿಗೆ ಗೆದ್ದುಕೊಡುತ್ತಿದ್ದರು.

ವಾದ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ಹಾರ್ಡವೇಯನ್ನು ತರಲು ಡೆಟ್ರಾಯ್ಟ್ ಕೊಟ್ಟದ್ದು ಬೊಗ್ಡಾನೊವಿಚ್‌ಗೆ ಬದಲಾಗಿ ಬಂದಿದ್ದ ಅದೇ ಗ್ರೈಮ್ಸ್ ಅವರನ್ನು. ಜೊತೆಗೆ ಎರಡನೇ ಸುತ್ತಿನ ಮೂರು ಹಕ್ಕೂ ಸಿಕ್ಕಿದ್ದರಿಂದ ಲಾಭವೆಂದೇ ಎಲ್ಲರೂ ಅಂದುಕೊಂಡಿದ್ದರು. ಡಲ್ಲಾಸ್ ಆತನನ್ನು 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾಗೆ ಕೊಟ್ಟಿತು. ಅಲ್ಲಿ ಗ್ರೈಮ್ಸ್ ಪಂದ್ಯಕ್ಕೆ ಸರಾಸರಿ 20ಕ್ಕೂ ಹೆಚ್ಚು ಅಂಕ ಗಳಿಸತೊಡಗಿದರು. ಈಗ ಡೆಟ್ರಾಯ್ಟ್‌ನವರು ಅದಕ್ಕೂ ಜಗಳವಾಡಬಹುದು.