ಗುಡ್ಡದ ಊರು, ಹೊಗೆಯ ಮಾರ್ಚ್: ಚಿಯಾಂಗ್ ಮಾಯ್‌ನಲ್ಲಿ ಮನೆ ಹುಡುಕುವವರಿಗೆ

ಸಂಸಾರ ಸಮೇತ ಥಾಯ್ಲೆಂಡಿಗೆ ಹೊರಟವರಲ್ಲಿ ಕೆಲವರು ಬ್ಯಾಂಕಾಕ್‌ನ ಗದ್ದಲವೇ ಬೇಡವೆಂದು ಉತ್ತರದ ಚಿಯಾಂಗ್ ಮಾಯ್‌ಗೆ ಹೋಗುತ್ತಾರೆ. 1,676 ಮೀಟರ್ ಎತ್ತರದ ದೋಯ್ ಸುತೇಪ್ ಬೆಟ್ಟ ಊರಿಗೇ ಆತುಕೊಂಡಂತಿದೆ. ಬೆಟ್ಟದ ಊರೆಂದರೆ ಮಡಿಕೇರಿಯಂತೆ ಗಾಳಿ ಚೆನ್ನಾಗಿರುತ್ತದೆ, ಮಕ್ಕಳ ಆರೋಗ್ಯಕ್ಕೆ ಒಳ್ಳೆಯದು ಎಂಬ ಲೆಕ್ಕಾಚಾರ.

ಈ ಲೆಕ್ಕ ವರ್ಷದಲ್ಲಿ ಮೂರು ತಿಂಗಳು ಪೂರ್ತಿ ತಲೆಕೆಳಗಾಗುತ್ತದೆ. ಬೆಟ್ಟ ಎತ್ತರದಲ್ಲಿದೆ, ಊರಲ್ಲ. ಊರಿರುವುದು ಸುಮಾರು 300 ಮೀಟರ್ ಎತ್ತರದ ಕಣಿವೆಯಲ್ಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡಿಗೆ ಬೀಳುವ ಬೆಂಕಿ, ಹೊಲದಲ್ಲಿ ಸುಡುವ ಕೂಳೆ, ಗಡಿಯಾಚೆಯ ಮ್ಯಾನ್ಮಾರ್‌ನಿಂದ ತೇಲಿಬರುವ ಹೊಗೆ ಎಲ್ಲವೂ ಬಂದು ಈ ಕಣಿವೆಯಲ್ಲಿ ಕೂರುತ್ತವೆ. ಮೇಲಿನ ಬಿಸಿ ಗಾಳಿಯ ಪದರ ಬಟ್ಟಲಿಗೆ ಮುಚ್ಚಳ ಹಾಕಿದಂತೆ ಹೊಗೆಯನ್ನು ಏಳಗೊಡುವುದಿಲ್ಲ. ಮಾರ್ಚ್‌ನ ಕೆಟ್ಟ ದಿನಗಳಲ್ಲಿ ಪಕ್ಕದ ದೋಯ್ ಸುತೇಪ್ ಕಣ್ಣಿಗೇ ಬೀಳುವುದಿಲ್ಲ. ಅನುಕೂಲವಿದ್ದವರು ಆ ವಾರಗಳಲ್ಲಿ ದಕ್ಷಿಣದ ಸಮುದ್ರ ತೀರಕ್ಕೆ ಹೊರಟುಬಿಡುತ್ತಾರೆ.

ಹಾಗಾದರೆ ಊರಾಚೆ, ಗದ್ದೆ ಬಯಲಲ್ಲಿ ಮನೆ ಹಿಡಿದರೆ ಹೊಗೆ ತಪ್ಪೀತೇ? ಇಲ್ಲ. ಸುಡುವ ಹೊಲಕ್ಕೆ ಇನ್ನಷ್ಟು ಹತ್ತಿರ ಹೋದಂತಾದೀತು, ಅಷ್ಟೆ. ಇಲ್ಲಿ ಬಡಾವಣೆಗಿಂತ ಮನೆಯ ಕಟ್ಟೋಣವೇ ಮುಖ್ಯ. ತೇಗದ ಹಳೆಯ ಮನೆಗಳು ನೋಡಲು ಬಲು ಚಂದ, ಆದರೆ ಹಲಗೆಗಳ ನಡುವೆ ಸಂದು, ಕಿಟಕಿಗೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಗಾಜು. ಮನೆ ನೋಡಲು ಹೋದಾಗ ಮಲಗುವ ಕೋಣೆಯ ಕಿಟಕಿ ಮುಚ್ಚಿ, ಅದರ ಅಂಚಿನಲ್ಲಿ ಒಂದು ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಏಳದೆ ಒಳಮುಖವಾಗಿ ಬಾಗಿದರೆ, ಅಲ್ಲಿ ಗಾಳಿ ಶುದ್ಧಿಯಂತ್ರ ಎಷ್ಟು ತಿರುಗಿದರೂ ದಂಡ.

ಎರಡನೆಯ ನಂಬಿಕೆ: ವಿದೇಶಿಯರು ಹೆಚ್ಚಿರುವ ನಿಮ್ಮನ್‌ಹೆಮಿನ್ ಪ್ರದೇಶವೇ ಕುಟುಂಬಕ್ಕೂ ಸರಿ. ಕಾಫಿ ಅಂಗಡಿ, ಮಾಲ್, ಪುಟ್ಟ ಪುಟ್ಟ ಕಾಂಡೊಗಳ ಆ ಜಾಗ ಲ್ಯಾಪ್‌ಟಾಪ್ ಹಿಡಿದು ಬರುವ ಒಂಟಿ ಜೀವಗಳಿಗೆ ಹೇಳಿ ಮಾಡಿಸಿದ್ದು. ತಲೆಯ ಮೇಲೆ ವಿಮಾನದ ಸದ್ದೂ ಉಂಟು, ಏಕೆಂದರೆ ಉತ್ತರ–ದಕ್ಷಿಣವಾಗಿ ಚಾಚಿದ ರನ್‌ವೇ ಹತ್ತಿರದಲ್ಲೇ ಇದೆ. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಹಲವು ಊರ ಹೊರಗಿವೆ: ಬಿದಿರಿನ ಕಟ್ಟಡಗಳ ಪನ್ಯಾದೆನ್ ದಕ್ಷಿಣದ ಹಾಂಗ್ ದೋಂಗ್‌ನಲ್ಲಿ, ಪ್ರೇಮ್ ತಿನ್ಸುಲನಂದ ಉತ್ತರದ ಮೇ ರಿಮ್‌ನಲ್ಲಿ. ಮೆಟ್ರೋ ಇಲ್ಲದ ಊರು. ಸೋಂಗ್‌ಥೆವ್ ಎಂಬ ಕೆಂಪು ಶೇರ್ ಟ್ಯಾಕ್ಸಿಗಳು ಹತ್ತಿದವರನ್ನೆಲ್ಲ ಇಳಿಸುತ್ತ ಸುತ್ತಿಕೊಂಡು ಹೋಗುತ್ತವೆ. ಆದ್ದರಿಂದ ಮೊದಲು ಶಾಲೆ, ಆಮೇಲೆ ಮನೆ. ಕ್ರಮ ತಪ್ಪಿದರೆ ಮಗು ದಿನಾ ಊರನ್ನು ಅಡ್ಡ ದಾಟಬೇಕಾಗುತ್ತದೆ.

ನದಿ ದಂಡೆಯ ಮನೆಯ ಮೋಹವೂ ಕಡಿಮೆಯದಲ್ಲ. 2024ರ ಅಕ್ಟೋಬರ್‌ನಲ್ಲಿ ನವರತ್ ಸೇತುವೆಯ ಬಳಿ ಪಿಂಗ್ ನದಿ ಐದು ಮೀಟರ್ ಮೀರಿ ಏರಿ, ಚಾಂಗ್ ಕ್ಲಾನ್, ನೈಟ್ ಬಜಾರ್ ಭಾಗಗಳೆಲ್ಲ ನೀರಲ್ಲಿ ಮುಳುಗಿದವು. ನೀರಿನ ಗುರುತಿನ ಮೇಲೆ ಈಗ ಬಣ್ಣ ಬಳಿದಿರಬಹುದು. ಕಾಂಪೌಂಡಿನ ಹಿಂಬದಿ ಗೋಡೆ ನೋಡಿ, ಪಕ್ಕದ ಅಂಗಡಿಯವರನ್ನು ನೀರು ಎಲ್ಲಿವರೆಗೆ ಬಂದಿತ್ತೆಂದು ಕೇಳಿ. ಅವರು ಕೈಯಲ್ಲೇ ಅಳತೆ ತೋರಿಸುತ್ತಾರೆ.

ಬೌದ್ಧರ ನಾಡು, ಸಸ್ಯಾಹಾರಕ್ಕೆ ಕೊರತೆಯಿಲ್ಲ ಎಂದುಕೊಂಡು ಹೋಗುವ ನಮ್ಮವರೂ ಇದ್ದಾರೆ. ಆದರೆ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಹಲಗೆಯ ಮೇಲೆ ಕೆಂಪಕ್ಷರ ಬರೆದ ‘ಜೇ’ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಮಡಿಯ ಅಜ್ಜಿ ಜತೆಗಿದ್ದರೆ ಅಂಥದೊಂದು ಅಂಗಡಿ ನಡೆದು ಹೋಗುವಷ್ಟು ದೂರದಲ್ಲಿರಲಿ.

ಕೊಳ್ಳುವ ಯೋಚನೆ ಇದ್ದರೆ, ವಿದೇಶಿಯರ ಹೆಸರಿಗೆ ಜಮೀನು ಆಗುವುದಿಲ್ಲ. ಕಾಂಡೊ ಆಗುತ್ತದೆ, ಅದೂ ಕಟ್ಟಡದ ಎಲ್ಲ ಕಾಂಡೊಗಳ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 49ರ ಮಿತಿಯೊಳಗೆ.

ಬಾಡಿಗೆಗೆ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಅಗ್ಗವೆನಿಸಿ, ಉಳಿದದ್ದನ್ನು ಕೇಳುವುದೇ ಮರೆತುಹೋಗುತ್ತದೆ. ವಿದ್ಯುತ್ ಬಿಲ್ಲು ಸರ್ಕಾರಿ ದರದ್ದೋ, ಮಾಲೀಕರು ಹಾಕುವ ದರದ್ದೋ? ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ವಲಸೆ ಇಲಾಖೆಗೆ ಟಿಎಂ30 ಎಂಬ ವಾಸದ ಮಾಹಿತಿ ಕೊಡುವುದು ಮನೆ ಮಾಲೀಕರ ಹೊಣೆ. ಅದಕ್ಕೆ ಒಪ್ಪದ ಮಾಲೀಕರ ಮನೆ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ. ವೀಸಾ ವಿಸ್ತರಣೆಗೆ ಹೋದಾಗ ಆ ಮಾಹಿತಿ ಕೊಟ್ಟ ಚೀಟಿಯನ್ನೇ ಕೇಳುತ್ತಾರೆ.