ಒಂದೇ ಪಾತ್ರೆಯ ದಸ್ತ್, ಬೇರೆ ಬೇರೆ ತಟ್ಟೆ

ಬಕ್ರೀದ್ ಕಳೆದು ಮೂರು ವಾರವಾಗಿತ್ತು. ಫ್ರೀಜರಿನಲ್ಲಿ ಇನ್ನೂ ಮಾಂಸ ಉಳಿದಿತ್ತು. ಹತ್ತನೇ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು ಶಾಲೆಯಿಂದ ಬಂದವಳು ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬಿಡುತ್ತಾ ಕುಳಿತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.2. ಆಕೆಯ ವಯಸ್ಸಿಗೆ ಅದು 12ಕ್ಕಿಂತ ಕಡಿಮೆ ಇರಬಾರದು. ಅದೇ ವಾರ ನನ್ನ ಮಾವನವರ ವರದಿಯೂ ಬಂತು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅವರು. ಕೊಲೆಸ್ಟ್ರಾಲ್ ಮತ್ತೆ ಏರಿತ್ತು.

"ನೀವು ಮಾಂಸ ತಿನ್ನುವವರಲ್ಲವೇ? ಮತ್ತೆ ಹುಡುಗಿಗೆ ಇಷ್ಟು ರಕ್ತಹೀನತೆ ಹೇಗೆ?" ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಅಂದು ರಾತ್ರಿ ಬಡಿಸುವಾಗ. ಮೆತ್ತಗೆ ಬೆಂದ ದಸ್ತಿನ ತುಂಡುಗಳು ಮೊದಲು ಮಾವನ ತಟ್ಟೆಗೆ, ನಂತರ ಗಂಡನ ಮತ್ತು ಮಗನ ತಟ್ಟೆಗೆ ಹೋದವು. ಮಗಳ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಉಳಿದಿದ್ದು ಒಂದು ಮೂಳೆ, ಎರಡು ಆಲೂಗಡ್ಡೆ, ಬೇಕಾದಷ್ಟು ಸಾರು. ನನ್ನ ತಟ್ಟೆಯ ಕತೆ ಹೇಳುವುದು ಬೇಡ. ಯಾರೂ ಬೇಕೆಂದು ಮಾಡಿದ್ದಲ್ಲ. ನನ್ನ ಅಮ್ಮನೂ ಹೀಗೇ ಬಡಿಸುತ್ತಿದ್ದರು, ನಾನೂ ಹಾಗೇ ಬಡಿಸುತ್ತಾ ಬಂದೆ, ಅಷ್ಟೆ.

ಕುರಿಯ ಮುಂಗಾಲು ಮತ್ತು ಹೆಗಲು ಸೇರಿದ ಭಾಗಕ್ಕೆ ನಮ್ಮ ಮಾಂಸದಂಗಡಿಗಳಲ್ಲಿ ದಸ್ತ್ ಎನ್ನುತ್ತಾರೆ. ಹಿಂಗಾಲು ರಾನ್. ಪ್ರವಾದಿ ಮುಹಮ್ಮದ್(ಸ)ರಿಗೆ ಮುಂಗಾಲಿನ ಮಾಂಸ ಇಷ್ಟವಾಗಿತ್ತೆಂಬ ವರದಿ ಹದೀಸ್ ಗ್ರಂಥಗಳಲ್ಲಿ ಇರುವುದರಿಂದ ನಮ್ಮ ಮನೆಗಳಲ್ಲಿ ಈ ಭಾಗಕ್ಕೆ ಒಂದು ವಿಶೇಷ ಪ್ರೀತಿ. ಅಡುಗೆಯವರ ಪ್ರೀತಿಗೆ ಕಾರಣ ಬೇರೆ. ನಡೆಯುವಾಗ ಸದಾ ದುಡಿಯುವ ಈ ಭಾಗದ ಸ್ನಾಯುಗಳ ನಡುವೆ ಬಿಳಿಯ ನಾರಿನಂಥ ಅಂಶ ಹೆಚ್ಚು. ಅದರ ಹೆಸರು ಕೊಲಾಜನ್. ಜೋರು ಉರಿಯಲ್ಲಿ ಗಡಿಬಿಡಿಯಿಂದ ಹುರಿದರೆ ಈ ಮಾಂಸ ರಬ್ಬರಿನಂತಾಗುತ್ತದೆ. ಸ್ವಲ್ಪ ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಎರಡೂವರೆ ಗಂಟೆ ಬಿಟ್ಟರೆ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಮೂಳೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಲ್ಲು ಬಿದ್ದ ಹಿರಿಯರೂ ಆಗತಾನೇ ಊಟ ಕಲಿಯುವ ಮಕ್ಕಳೂ ತಿನ್ನಬಹುದಾದ ಮಾಂಸ ಇದು. ಅಷ್ಟು ಹೊತ್ತು ಗ್ಯಾಸ್ ಉರಿಸಲು ಮನಸ್ಸಾಗದವರು ಕುಕ್ಕರಿನಲ್ಲೇ ಬೇಯಿಸಬಹುದು. ರುಚಿಯಲ್ಲಿ ಸ್ವಲ್ಪ ವ್ಯತ್ಯಾಸವಾದೀತು, ಪೋಷಣೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ, ಹೀಗೆ ಬೇಯಿಸಿದ ಎಳೆ ಕುರಿಯ ಹೆಗಲ ಮಾಂಸವನ್ನು ಕೊಬ್ಬಿನ ಸಮೇತ 100 ಗ್ರಾಂ ತಿಂದರೆ ಸುಮಾರು 340 ಕ್ಯಾಲರಿ, 28 ಗ್ರಾಂ ಪ್ರೊಟೀನ್, 24 ಗ್ರಾಂ ಕೊಬ್ಬು ಸಿಗುತ್ತದೆ. ಆ ಕೊಬ್ಬಿನಲ್ಲಿ 10 ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ದಿನಕ್ಕೆ 2000 ಕ್ಯಾಲರಿ ಊಟ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯಲ್ಲಿ ಇದು ಹತ್ತಿರ ಹತ್ತಿರ ಅರ್ಧ. ಅದೇ ಮಾಂಸದ ಕಣ್ಣಿಗೆ ಕಾಣುವ ಕೊಬ್ಬನ್ನು ಬಿಡಿಸಿ ತಿಂದರೆ ಕ್ಯಾಲರಿ 280ರ ಆಸುಪಾಸಿಗೆ ಇಳಿಯುತ್ತದೆ, ಪ್ರೊಟೀನ್ 32 ಗ್ರಾಂಗೆ ಏರುತ್ತದೆ, ಒಟ್ಟು ಕೊಬ್ಬು 16 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು ಸುಮಾರು 6 ಗ್ರಾಂ ಆಗುತ್ತದೆ. ಪ್ರಾಣಿ ಅದೇ, ಪಾತ್ರೆ ಅದೇ. ಬೇರೆಯಾದದ್ದು ಚಾಕುವಿನ ಕೆಲಸ ಮಾತ್ರ.

ಆ ಲೆಕ್ಕ ಕೊಬ್ಬಿಸಿ ಬೆಳೆಸಿದ ಅಮೆರಿಕದ ಕುರಿಯದ್ದು ಎಂಬುದು ನೆನಪಿರಲಿ. ನಮ್ಮಲ್ಲಿ ಮಟನ್ ಎಂದರೆ ಎಷ್ಟೋ ಸಲ ಆಡು. ಆಡಿನ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬೇಯಿಸಿದ 100 ಗ್ರಾಂಗೆ 3 ಗ್ರಾಂ ಮಾತ್ರ, ಪ್ರೊಟೀನ್ ಮಾತ್ರ 27 ಗ್ರಾಂ. ಮನೆಯಲ್ಲಿ ಹೃದ್ರೋಗಿ ಇದ್ದರೆ ಅಂಗಡಿಯವನ ಬಳಿ "ಕುರಿಯೋ ಆಡೋ" ಎಂದು ಕೇಳಲು ಸಂಕೋಚಪಡಬೇಡಿ. ಮಂಡ್ಯ, ಮೈಸೂರು ಕಡೆಯ ಬನ್ನೂರು ಕುರಿಯ ಮಾಂಸ ಅಷ್ಟು ರುಚಿ ಎನ್ನಿಸುವುದಕ್ಕೆ ಮಾಂಸದ ಎಳೆಗಳ ನಡುವೆಯೇ ಇರುವ ಕೊಬ್ಬೂ ಒಂದು ಕಾರಣ. ಅದನ್ನು ಚಾಕುವಿನಿಂದ ತೆಗೆಯಲಾಗದು. ಅಂಥ ಮಾಂಸವನ್ನು ಹಬ್ಬಕ್ಕೆ ತನ್ನಿ, ವಾರ ವಾರ ಬೇಡ.

ಈಗ ಮಗಳ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಶೇ. 48ರ ಹತ್ತಿರ. ಮಾಂಸ ತಿನ್ನುವ ಮನೆಯವರಿಗೆ ಇದು ಬರುವುದಿಲ್ಲ ಎಂದು ನಾನೂ ತಿಳಿದಿದ್ದೆ.

ದಸ್ತಿನ 100 ಗ್ರಾಂನಲ್ಲಿ ಕಬ್ಬಿಣದಂಶ ಇರುವುದು ಸುಮಾರು ಎರಡೂವರೆ ಮಿಲಿಗ್ರಾಂ. ನಮ್ಮ ದೇಶದ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಹಾಗಾದರೆ ಇದು ಯಾವ ಮೂಲೆಗೆ ಎನ್ನಿಸಬಹುದು. ಆದರೆ 29 ಎಂಬ ಲೆಕ್ಕ ಹಾಕಿರುವುದು, ಅನ್ನ, ಬೇಳೆ, ಸೊಪ್ಪಿನ ಊಟದ ಕಬ್ಬಿಣದಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ ದೇಹಕ್ಕೆ ಸೇರುತ್ತದೆ ಎಂದು ಇಟ್ಟುಕೊಂಡು. ಮಾಂಸದಲ್ಲಿ ಹೀಮ್ ಎಂಬ ರೂಪದಲ್ಲಿರುವ ಕಬ್ಬಿಣ ನೂರಕ್ಕೆ 15ರಿಂದ 35ರವರೆಗೂ ಸೇರುತ್ತದೆ. ಅದಕ್ಕಿಂತ ಮುಖ್ಯ ಸಂಗತಿ, ಮಾಂಸವು ಅದೇ ತಟ್ಟೆಯಲ್ಲಿರುವ ಬೇಳೆ, ಸೊಪ್ಪಿನ ಕಬ್ಬಿಣವನ್ನೂ ದೇಹ ಹೀರಿಕೊಳ್ಳುವಂತೆ ಮಾಡುತ್ತದೆ. ನಮ್ಮ ಮದುವೆ ಮನೆಗಳ ದಾಲ್ಚಾ ನೋಡಿ. ತೊಗರಿ ಅಥವಾ ಕಡಲೆಬೇಳೆ, ಸೋರೆಕಾಯಿ, ನಾಲ್ಕು ತುಂಡು ಮಾಂಸ. ಬಿರಿಯಾನಿಯ ಪಕ್ಕದಲ್ಲಿ ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಆದರೆ ರಕ್ತಹೀನತೆ ಇರುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ಬಟ್ಟಲು ಸಿಗುವುದು ಕಷ್ಟ. ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ವಿಟಮಿನ್ ಸಿ ಕೂಡ ಸಹಾಯಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿ ಊಟವಾದ ಕೂಡಲೇ ಚಹಾ ಕುಡಿದರೆ ಬೇಳೆ, ಸೊಪ್ಪಿನಿಂದ ಸಿಗಬೇಕಾದ ಕಬ್ಬಿಣದ ದೊಡ್ಡ ಪಾಲು ವ್ಯರ್ಥ. ಹಾಲಿಲ್ಲದ ಸುಲೈಮಾನಿಯೂ ಇದಕ್ಕೆ ಹೊರತಲ್ಲ, ಅಡ್ಡಿ ಮಾಡುವುದು ಚಹಾದ ಎಲೆಯಲ್ಲಿರುವ ಅಂಶ. ಒಂದು ಗಂಟೆ ತಡೆಯಿರಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಕಬ್ಬಿಣದ ಜೊತೆಗೆ ಸತುವಿನಂಶ 100 ಗ್ರಾಂನಲ್ಲಿ 5 ಮಿಲಿಗ್ರಾಂಗಿಂತ ಹೆಚ್ಚಿದೆ. ಬೆಳೆಯುವ ಮಕ್ಕಳಿಗೆ, ಗಾಯ ಮಾಯಲು ಇದು ಬೇಕು. ವಿಟಮಿನ್ ಬಿ12 ಒಂದು ದಿನಕ್ಕೆ ಸಾಕಾಗುವಷ್ಟಿದೆ. ಬೇಯಿಸುವಾಗ ಬಿ ಗುಂಪಿನ ವಿಟಮಿನ್‌ಗಳಲ್ಲಿ ಒಂದಷ್ಟು ನೀರಿಗೆ ಇಳಿಯುತ್ತವೆ, ಹಾಗಾಗಿ ಸಾರನ್ನು ಚೆಲ್ಲಬಾರದು. ಆದರೆ ಸಾರು ಮಾಂಸದ ಬದಲಿಯೂ ಅಲ್ಲ. ಪ್ರೊಟೀನಿನ ಬಹುಪಾಲು, ಕಬ್ಬಿಣದ ಬಹುಪಾಲು ತುಂಡಿನಲ್ಲೇ ಉಳಿಯುತ್ತದೆ. ಮೂಳೆ ಸೂಪಿನಿಂದ ಬೇಕಾದಷ್ಟು ಕ್ಯಾಲ್ಸಿಯಂ ಸಿಗುತ್ತದೆ ಎಂಬುದೂ ತಪ್ಪು ತಿಳುವಳಿಕೆ. ಮೂಳೆಯಿಂದ ನೀರಿಗೆ ಬಿಡುವ ಕ್ಯಾಲ್ಸಿಯಂ ಅತ್ಯಲ್ಪ, ಒಂದು ಲೋಟ ಹಾಲು ಅದಕ್ಕಿಂತ ಎಷ್ಟೋ ಮೇಲು. ಬಾಣಂತಿಗೆ ಬರೀ ಸೂಪು ಕೊಟ್ಟು "ಶಕ್ತಿ ಬರುತ್ತದೆ" ಎನ್ನುವ ಅತ್ತೆಯಂದಿರು ಎರಡು ತುಂಡು ಮಾಂಸವನ್ನೂ ಬಟ್ಟಲಿಗೆ ಹಾಕಲಿ.

ಒಂದು ಮಾತು ಸ್ಪಷ್ಟವಾಗಿರಲಿ. 9.2 ಹಿಮೋಗ್ಲೋಬಿನನ್ನು ಮಾಂಸವೊಂದೇ ಮೇಲಕ್ಕೆತ್ತುವುದಿಲ್ಲ. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೇಳಿದಷ್ಟು ತಿಂಗಳು ನುಂಗಲೇಬೇಕು. ಮುಟ್ಟಿನ ಸ್ರಾವ ಹೆಚ್ಚಿದೆಯೇ, ಹೊಟ್ಟೆಯಲ್ಲಿ ಕೊಕ್ಕೆಹುಳುವಿದೆಯೇ ಎಂದೂ ನೋಡಬೇಕು. ಇದನ್ನು ಮಗಳು ತಾನಾಗಿ ಹೇಳುವುದಿಲ್ಲ, ತಾಯಿ ಕೇಳಬೇಕು.

ಮಾವನವರಿಗೆ ಬೇಕಿದ್ದದ್ದು ಇದಕ್ಕೆ ಉಲ್ಟಾ. ಮಾಂಸ ಪೂರ್ತಿ ನಿಲ್ಲಿಸಿ ಎಂದರೆ ಅವರು ಕೇಳುವವರಲ್ಲ. ದಾರಿ ತೋರಿಸಿದ್ದು ಫ್ರಿಜ್. ಕುರಿಯ ಕೊಬ್ಬು ತಣ್ಣಗಾದರೆ ಬೇಗ ಗಟ್ಟಿಯಾಗುತ್ತದೆ. ಹಿಂದಿನ ದಿನವೇ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಸಾರಿನ ಮೇಲೆ ಬಿಳಿಯ ಹಪ್ಪಳದಂತೆ ಕೊಬ್ಬು ನಿಂತಿರುತ್ತದೆ. ಚಮಚದಿಂದ ಎತ್ತಿ ತೆಗೆದರಾಯಿತು. ಮೊದಲ ಸಲ ತೆಗೆದದ್ದನ್ನು ಒಂದು ಲೋಟಕ್ಕೆ ಹಾಕಿ ಮಾವನಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಆದರೆ ಮರುವಾರ "ನಿನ್ನೆಯದ್ದು ಇದೆಯಾ" ಎಂದು ಕೇಳಿ ಬಡಿಸಿಕೊಂಡರು. ಬೇಯಿಸುವಾಗ ಮತ್ತೆ ಎಣ್ಣೆ, ತುಪ್ಪ ಸುರಿಯುವ ಅಗತ್ಯವೂ ಇಲ್ಲ. ದಸ್ತ್ ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಉಪ್ಪನ್ನೂ ಕೊನೆಯಲ್ಲಿ, ರುಚಿ ನೋಡಿ ಹಾಕಿದರೆ ಕಡಿಮೆಯಲ್ಲೇ ಸಾಕಾಗುತ್ತದೆ. ಬಿ.ಪಿ. ಇರುವವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಸಣ್ಣ ಉರಿಯ ಅಡುಗೆಗೆ ಇನ್ನೊಂದು ಲಾಭವಿದೆ. ಕೆಂಡದ ಮೇಲೆ ಕಪ್ಪಾಗುವಂತೆ ಸುಟ್ಟ ಕಬಾಬಿನಲ್ಲಿ ಹುಟ್ಟುವ ಕೆಲವು ಹಾನಿಕರ ರಾಸಾಯನಿಕಗಳು ನೀರಿನಲ್ಲಿ ಬೇಯುವ ಮಾಂಸದಲ್ಲಿ ಬಹಳ ಕಡಿಮೆ. ಹಾಗೆಂದು ಮಿತಿ ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಕುರಿ, ಆಡು, ದನದ ಮಾಂಸವನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ವಾರಕ್ಕೆ ಬೇಯಿಸಿದ ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಮೂಳೆ ಸಹಿತ ಒಂದು ಕಿಲೋ ದಸ್ತ್ ಬೆಂದು, ಮೂಳೆ ತೆಗೆದರೆ ಉಳಿಯುವುದು ಸುಮಾರು ಅರ್ಧ ಕಿಲೋ ಮಾಂಸ. ಆರು ಜನರ ಮನೆಗೆ ತಲಾ 80 ಗ್ರಾಂ ಆಗುತ್ತದೆ. ಒಂದು ಊಟಕ್ಕೆ ಅಷ್ಟು ಸಾಕು, ವಾರಕ್ಕೆ ಎರಡು ಮೂರು ಸಲ ಮಾಡಿದರೂ ಮಿತಿಯೊಳಗೇ. ಯೂರಿಕ್ ಆಸಿಡ್ ಹೆಚ್ಚಾಗಿ ಗೌಟ್ ನೋವು ಬರುವವರು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು.

ಫ್ರಿಜ್ ಮಾತು ಬಂದದ್ದರಿಂದ ಸ್ವಚ್ಛತೆಯ ವಿಷಯವನ್ನೂ ಹೇಳಿಬಿಡುತ್ತೇನೆ. ರಾತ್ರಿ ಮಾಡಿದ ಮಾಂಸದ ಪಾತ್ರೆಯನ್ನು ಮುಚ್ಚಿ ಒಲೆಯ ಮೇಲೇ ಬಿಟ್ಟು ಬೆಳಿಗ್ಗೆ ಕುದಿಸಿ ತಿನ್ನುವುದು ನಮ್ಮಲ್ಲಿ ರೂಢಿ. "ನಾಳೆಗೆ ಇನ್ನೂ ರುಚಿ" ಎನ್ನುತ್ತೇವೆ. ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ, ಆ ಬೆಚ್ಚಗಿನ ಸಾರಿನಲ್ಲಿ ಅವು ಮೊಳೆತು ಬೇಗ ಬೇಗ ಹೆಚ್ಚುತ್ತವೆ. ತಿಂದು ಎಂಟು ಹತ್ತು ಗಂಟೆಯ ಮೇಲೆ ಹೊಟ್ಟೆ ಕಿವುಚುವುದು, ಭೇದಿ. ಮದುವೆಯ ಮರುದಿನ ಇಡೀ ಮನೆಗೆ ಹೊಟ್ಟೆ ಕೆಡುವುದಕ್ಕೆ ಇದೂ ಒಂದು ಕಾರಣವಾಗಿರಬಹುದು, ನಾವು ದೂರುವುದು ಮಸಾಲೆಯನ್ನು. ಒಲೆ ಆರಿಸಿದ ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಪಾತ್ರೆಗೆ ಸುರಿದು ಫ್ರಿಜ್‌ನಲ್ಲಿಡಿ. ತಿನ್ನುವ ಮುಂಚೆ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಕುದಿಸಿ.

ಹಬ್ಬದ ದಿನದ ಹಸಿ ಮಾಂಸಕ್ಕೂ ಇದೇ ನಿಯಮ. ಬಿಸಿ ಆರದ ಮಾಂಸವನ್ನು ಐದು ಕಿಲೋ ಚೀಲದಲ್ಲಿ ತುಂಬಿ ಫ್ರೀಜರಿಗೆ ತುರುಕಿದರೆ ಹೊರಗೆ ಕಲ್ಲಾದರೂ ಒಳಗೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಆ ಮಾಂಸ ಬೇಯಿಸಿದಾಗಲೂ ಗಡಸು. ಫ್ರಿಜ್‌ನ ಕೆಳಭಾಗದಲ್ಲಿ ಒಂದು ದಿನ ಇಟ್ಟು, ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ಆಮೇಲೆ ಫ್ರೀಜರಿಗೆ ಹಾಕಿ. ಕರಗಿಸುವುದೂ ಫ್ರಿಜ್‌ನಲ್ಲೇ, ಸಿಂಕಿನ ಪಕ್ಕದಲ್ಲಲ್ಲ.

ಈಗ ನಮ್ಮ ಮನೆಯಲ್ಲಿ ಬಡಿಸುವ ಕ್ರಮ ಬದಲಾಗಿದೆ. ಪಾತ್ರೆಯನ್ನು ನಡುವೆ ಇಡುವ ಮೊದಲೇ ಮಗಳ ಮತ್ತು ನನ್ನ ಪಾಲಿನ ತುಂಡುಗಳನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತೇನೆ. ಮೊದಲ ದಿನ ಅತ್ತೆ ಹುಬ್ಬೇರಿಸಿದರು. ನಾನು ಆಸ್ಪತ್ರೆಯ ಚೀಟಿ ತೋರಿಸಿದೆ. ಮೂರು ತಿಂಗಳ ಮಾತ್ರೆ ಮುಗಿದ ಮೇಲೆ ಮಗಳ ಹಿಮೋಗ್ಲೋಬಿನ್ 11.6 ಆಯಿತು. ಕಳೆದ ಜುಮಾದ ದಿನ ನಾನು ಕೆಲಸದಲ್ಲಿದ್ದಾಗ ಅತ್ತೆಯೇ ಬಡಿಸಿದರು. ಅಡುಗೆ ಮನೆಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಮುಚ್ಚಿಟ್ಟ ಬಟ್ಟಲುಗಳು ಎರಡಲ್ಲ, ಮೂರಿದ್ದವು.